ಬೇಡ ಅನ್ನೋರು ಒಬ್ಬರಾದರೂ ಬೇಕು

2017ರಲ್ಲಿ ಲಂಡನ್ನಿನ ಡಾನ್ಮಾರ್ ವೇರ್‌ಹೌಸ್ ಅನ್ನೋ ಪುಟ್ಟ ರಂಗಮಂದಿರದಲ್ಲಿ ಒಂದು ವಿಚಿತ್ರ ಸಂಗೀತ ನಾಟಕ ಆಡಿದರು. ಅದರಲ್ಲಿ ರಾಜ ಇಲ್ಲ, ರಾಣಿ ಇಲ್ಲ, ಪ್ರೇಮ ಪ್ರಸಂಗವೂ ಇಲ್ಲ. ಬ್ರಿಟಿಷ್ ಸಂಸತ್ತಿನ ಒಂದು ಸಮಿತಿ ಕೂತು ಇಬ್ಬರನ್ನು ಪ್ರಶ್ನೆ ಕೇಳುತ್ತೆ, ಅವರು ಉತ್ತರ ಕೊಡ್ತಾರೆ, ಅಷ್ಟೇ ಕಥೆ. ಹಾಡಿದ ಮಾತುಗಳು ಬಹುಪಾಲು ವಿಚಾರಣೆಯ ಕಡತದಿಂದಲೇ ಎತ್ತಿಕೊಂಡವು. ಒಂದು ಮಕ್ಕಳ ಸಂಸ್ಥೆಯ ಬೋರ್ಡ್ ಮೀಟಿಂಗಿನ ಲೋಪಗಳು ಹಾಡಾಗುವ ಮಟ್ಟಕ್ಕೆ ಹೋದವು ಅಂದ್ರೆ, ಆ ಸಂಸ್ಥೆಯ ಕುಸಿತ ಎಷ್ಟು ಸದ್ದು ಮಾಡಿರಬೇಕು ನೋಡಿ.

ಸಂಸ್ಥೆಯ ಹೆಸರು ಕಿಡ್ಸ್ ಕಂಪನಿ. ಪ್ರಶ್ನೆಗೆ ಕೂತವರು ಸ್ಥಾಪಕಿ ಕಮಿಲಾ ಬಾಟ್‌ಮಾಂಗೆಲಿಜ್ ಮತ್ತು ಟ್ರಸ್ಟಿಗಳ ಅಧ್ಯಕ್ಷ ಅಲನ್ ಯೆಂಟಬ್. ಟೆಹರಾನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಯಾದ ಕಮಿಲಾ 1996ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಇದನ್ನು ಶುರು ಮಾಡಿದರು. ಮನೆಯಲ್ಲಿ ಹೊಡೆತ, ಬೀದಿಯಲ್ಲಿ ಚಾಕು, ಹೊಟ್ಟೆಯಲ್ಲಿ ಹಸಿವು, ಇಂಥ ಮಕ್ಕಳು ಯಾರ ಶಿಫಾರಸೂ ಇಲ್ಲದೆ ನೇರವಾಗಿ ಬಾಗಿಲು ತಟ್ಟಬಹುದಿತ್ತು. ಊಟ ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ನಂದು ಅಂತ ಹೇಳಿಕೊಳ್ಳೋಕೆ ಒಬ್ಬ ದೊಡ್ಡವರು ಸಿಗುತ್ತಿದ್ದರು. ಅವರನ್ನು ಅಲ್ಲಿ ಕೀ ವರ್ಕರ್ ಅಂತಿದ್ದರು. ಶಾಲೆಗೆ ಕರೆದುಕೊಂಡು ಹೋಗೋದು, ಕೋರ್ಟಿಗೆ ಜೊತೆ ಹೋಗೋದು, ಕಷ್ಟ ಅಂದಾಗ ಫೋನ್ ಎತ್ತೋದು ಇವರ ಕೆಲಸ. ಬಂದ ಮಗುವನ್ನು ಕಳಿಸಬಾರದು ಅನ್ನೋದು ಸಂಸ್ಥೆಯ ಹೆಮ್ಮೆ.

ಹತ್ತೊಂಬತ್ತು ವರ್ಷ ನಡೆಯಿತು. 2015ರ ಆಗಸ್ಟ್ 5ರ ಸಂಜೆ ಬಾಗಿಲು ಮುಚ್ಚಿತು. ಸರ್ಕಾರ 30 ಲಕ್ಷ ಪೌಂಡ್ ಕೊಟ್ಟು ಒಂದು ವಾರವೂ ಆಗಿರಲಿಲ್ಲ. ಆ ಹಣ ಕೊಡುವುದಕ್ಕೂ ಇಲಾಖೆಯ ಮುಖ್ಯ ಅಧಿಕಾರಿ ಒಪ್ಪಿರಲಿಲ್ಲ. ಮಂತ್ರಿಗಳು ಲಿಖಿತ ಆದೇಶ ಕೊಟ್ಟ ಮೇಲೇ ಕಡತ ಮುಂದೆ ಹೋಯಿತು. ಅಲ್ಲಿಯವರೆಗೆ ಸಂಸ್ಥೆಗೆ ಬಂದಿದ್ದ ಸಾರ್ವಜನಿಕ ಹಣ ಕನಿಷ್ಠ 4.6 ಕೋಟಿ ಪೌಂಡ್ ಅಂತ ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷ ಲೆಕ್ಕ ಹಾಕಿತು.

ಬಿದ್ದ ಮೇಲೆ ಆಳಿಗೊಂದು ಕಲ್ಲು. ಪತ್ರಿಕೆಗಳು ಕಮಿಲಾ ಅವರ ಬಣ್ಣಬಣ್ಣದ ಪೇಟ, ದೊಡ್ಡ ದೊಡ್ಡ ನಿಲುವಂಗಿಗಳ ಫೋಟೋ ಹಾಕಿ ಹಾಕಿ ಇದನ್ನು ಒಬ್ಬ ಹೆಂಗಸಿನ ಕಥೆ ಮಾಡಿಬಿಟ್ಟವು. ನನಗೆ ಅದು ತಪ್ಪು ಓದು ಅನ್ಸುತ್ತೆ. ಕಾನೂನಿನ ಪ್ರಕಾರ ಚಾರಿಟಿಯ ಹೊಣೆ ಟ್ರಸ್ಟಿಗಳದ್ದು. ಕಮಿಲಾ ಮುಖ್ಯ ಕಾರ್ಯನಿರ್ವಾಹಕಿ, ಟ್ರಸ್ಟಿ ಅಲ್ಲ. ಹಾಗಾಗಿ ನೋಡಬೇಕಾದ್ದು ಬೋರ್ಡಿನ ಕಡೆಗೆ.

ಆ ಬೋರ್ಡನ್ನು ಮೂರು ಕಡೆ ಅಳೆದಿದ್ದಾರೆ. ಮೂರು ಅಳತೆಯೂ ಬೇರೆ ಬೇರೆ.

ಮೊದಲನೆಯದು 2016ರ ಫೆಬ್ರವರಿಯಲ್ಲಿ ಬಂದ ಸಂಸತ್ ಸಮಿತಿಯ ವರದಿ. ಅದು ಟ್ರಸ್ಟಿಗಳನ್ನು ನೇರವಾಗಿ ದೂರಿತು. ಹಣದ ಪರಿಸ್ಥಿತಿ ಸೂಕ್ಷ್ಮವಾಗಿದೆ ಅಂತ ಆಡಿಟರ್‌ಗಳು ವರ್ಷ ವರ್ಷ ಎಚ್ಚರಿಸಿದರೂ ಮೀಸಲು ಹಣ ಕೂಡಿಡಲಿಲ್ಲ ಅಂದಿತು. ಯುವಜನ ಸೇವೆಯಲ್ಲಾಗಲಿ ಮನೋಚಿಕಿತ್ಸೆಯಲ್ಲಾಗಲಿ ಅನುಭವ ಇದ್ದವರು ಬೋರ್ಡಿನಲ್ಲಿ ಇರಲಿಲ್ಲ ಅನ್ನೋದನ್ನೂ ಎತ್ತಿ ತೋರಿಸಿತು. ಸಂಸ್ಥೆ 36,000 ಮಂದಿಗೆ ನೆರವಾಗ್ತಿದ್ದೇವೆ ಅಂತ ಹೇಳಿಕೊಳ್ಳುತ್ತಿತ್ತಲ್ಲ, ಆ ಸಂಖ್ಯೆಗೂ ಗಟ್ಟಿ ಆಧಾರ ಸಿಗಲಿಲ್ಲ.

ಎರಡನೆಯದು 2021ರ ಫೆಬ್ರವರಿಯ ಹೈಕೋರ್ಟ್ ತೀರ್ಪು. ಏಳು ಟ್ರಸ್ಟಿಗಳು ಮತ್ತು ಕಮಿಲಾ, ಇವರ‍್ಯಾರೂ ಇನ್ನು ಯಾವ ಕಂಪನಿಯ ನಿರ್ದೇಶಕರಾಗಬಾರದು ಅಂತ ಸರ್ಕಾರದ ಕಡೆಯವರು ಕೇಸು ಹಾಕಿದ್ದರು. ನ್ಯಾಯಮೂರ್ತಿ ಫಾಕ್ ಅದನ್ನು ತಳ್ಳಿಹಾಕಿದರು. ಟ್ರಸ್ಟಿಗಳು ಸಂಬಳ ಪಡೆಯದೆ ನಿಷ್ಠೆಯಿಂದ ದುಡಿದವರು, ಅಯೋಗ್ಯರಲ್ಲ ಅಂದರು. ಬೋರ್ಡು ಕಮಿಲಾ ಕೈಗೊಂಬೆ ಅನ್ನೋ ವಾದವೂ ನಿಲ್ಲಲಿಲ್ಲ. ಕೊನೆಯ ವಾರ ಸಂಸ್ಥೆಯ ಮೇಲೆ ಕಿರುಕುಳದ ಆರೋಪ ಬಂದು ದಾನಿಗಳು ಹಿಂದೆ ಸರಿದಿದ್ದರು. ಪೊಲೀಸರು ತಿಂಗಳುಗಟ್ಟಲೆ ತನಿಖೆ ಮಾಡಿದರೂ ಅಪರಾಧಕ್ಕೆ ಸಾಕ್ಷ್ಯ ಸಿಗಲಿಲ್ಲ. ಆ ಆರೋಪ ಬರದೇ ಇದ್ದಿದ್ದರೆ ಸಂಸ್ಥೆಯನ್ನು ಚಿಕ್ಕದು ಮಾಡಿ ಉಳಿಸಿಕೊಳ್ಳುವ ಯೋಜನೆ ಫಲಿಸುವ ಸಾಧ್ಯತೆಯೇ ಹೆಚ್ಚಿತ್ತು ಅಂತಲೂ ನ್ಯಾಯಾಲಯ ಹೇಳಿತು.

ಮೂರನೆಯದು 2022ರಲ್ಲಿ ಚಾರಿಟಿ ಕಮಿಷನ್ ಕೊಟ್ಟ ವರದಿ. ಕೆಟ್ಟ ಉದ್ದೇಶ ಇರಲಿಲ್ಲ, ಆದರೆ ಸಿಬ್ಬಂದಿಗೆ, ತೆರಿಗೆ ಇಲಾಖೆಗೆ ಹೊತ್ತಿಗೆ ಸರಿಯಾಗಿ ಹಣ ಕೊಡದೇ ಇದ್ದದ್ದು ಆಡಳಿತದ ಲೋಪ ಅಂತ ಅದು ಬರೆಯಿತು. ಮೀಸಲು ಕಡಿಮೆ, ಅಪಾಯ ಹೆಚ್ಚು ಅನ್ನೋ ಮಾತು ಅಲ್ಲೂ ಬಂತು.

ಒಂದು ಕಡೆ ತಪ್ಪಿತಸ್ಥರು, ಇನ್ನೊಂದು ಕಡೆ ನಿರ್ದೋಷಿಗಳು, ಮತ್ತೊಂದು ಕಡೆ ಎರಡರ ನಡುವೆ. ಯಾರನ್ನು ನಂಬೋದು? ಮೂರನ್ನೂ ನಂಬಬಹುದು ಅಂತ ನನ್ನ ಅಭಿಪ್ರಾಯ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ, ಇವರನ್ನು ನಿರ್ದೇಶಕ ಸ್ಥಾನದಿಂದ ದೂರ ಇಡಬೇಕೇ ಅನ್ನೋದು. ಅಯೋಗ್ಯರಲ್ಲ ಅನ್ನೋದು ಬೇರೆ, ಚೆನ್ನಾಗಿ ನಡೆಸಿದರು ಅನ್ನೋದು ಬೇರೆ. ಅದೇ ರೀತಿ, ಸಮಿತಿ ಹೇಳಿದಷ್ಟು ಸಲೀಸಾಗಿ ಎಲ್ಲವನ್ನೂ ಟ್ರಸ್ಟಿಗಳ ತಲೆಗೆ ಕಟ್ಟೋದೂ ಸರಿಯಲ್ಲ. ಅಧಿಕಾರಿಗಳು ಆತಂಕ ತೋಡಿಕೊಳ್ಳೋದು, ಸಂಸ್ಥೆ ಮುಚ್ಚಿಹೋಗುತ್ತೆ ಅಂತ ಹೇಳೋದು, ಮಂತ್ರಿಗಳು ಮತ್ತೆ ಹಣ ಕೊಡೋದು, ಹೀಗೆ ವರ್ಷಾನುಗಟ್ಟಲೆ ನಡೆದಿತ್ತು. ಪ್ರತಿಸಲ ಕೊನೇ ಗಳಿಗೆಯಲ್ಲಿ ಯಾರೋ ಬಂದು ಬಿಲ್ ಕಟ್ಟುತ್ತಾರೆ ಅಂದ್ರೆ ಹುಂಡಿ ಇಡುವ ಅಭ್ಯಾಸ ಯಾರಿಗೆ ಬರುತ್ತೆ?

ಆದರೂ ಬೋರ್ಡಿನ ಮೇಲೆ ನನ್ನದೊಂದು ದೂರು ಉಳಿದೇ ಉಳಿಯುತ್ತೆ. ಅದು ಪ್ರಾಮಾಣಿಕತೆಯ ಬಗ್ಗೆ ಅಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ. ಮಕ್ಕಳ ಸಂಸ್ಥೆಯಲ್ಲಿ ಈ ಗಾದೆ ಹೇಳೋದು ಕಷ್ಟ. ಬಾಗಿಲಲ್ಲಿ ಒಂದು ಮಗು ನಿಂತಿದೆ, ಅದಕ್ಕೆ ಹಸಿವಾಗಿದೆ. ಮುಂದಿನ ವರ್ಷದ ಸಂಬಳಕ್ಕೆ ದುಡ್ಡು ಎತ್ತಿಡಬೇಕು, ನೀನು ಹೋಗು ಅಂತ ಹೇಳೋ ಬಾಯಿ ಯಾರಿಗಿದೆ? ಕಮಿಲಾ ಅವರ ಇಡೀ ವಾದ ಇದೇ. ಇದರಲ್ಲಿ ಸತ್ಯ ಇದೆ. ಬಾಗಿಲಲ್ಲಿ ನಿಂತವರು ಹಾಗೆ ಹೇಳಲೂಬಾರದು. ಆದರೆ ಬೋರ್ಡು ಬಾಗಿಲಲ್ಲಿ ನಿಂತಿರೋದಿಲ್ಲ. ಅದು ಒಳಗೆ, ಮೇಜಿನ ಮುಂದೆ, ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತಿರುತ್ತೆ. ಬಾಗಿಲಲ್ಲಿ ನಿಂತ ಮಗುವಿಗೆ ಮುಖ ಇದೆ. ಮುಂದಿನ ವರ್ಷ ನಾವು ಕೈಬಿಡಲಿರುವ ಮಗುವಿಗೆ ಇವತ್ತು ಮುಖ ಇರೋದಿಲ್ಲ. ಬೋರ್ಡು ಅಂತ ಒಂದು ಇರೋದೇ ಆ ಮುಖ ಕಾಣದ ಮಗುವಿನ ಪರವಾಗಿ.

ಇದು ಭಾವನೆಯ ಮಾತಷ್ಟೇ ಅಲ್ಲ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅನ್ನೋ ಹಳೇ ಮೆಂಟರಿಂಗ್ ಸಂಸ್ಥೆಯ ಮಕ್ಕಳನ್ನು ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷಕ್ಕಿಂತ ಹೆಚ್ಚು ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಲಾಭ ಕಂಡಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿದಿತ್ತು. ಅಲ್ಲಿನವರು ಸಂಬಳವಿಲ್ಲದ ಸ್ವಯಂಸೇವಕರು, ಲಂಡನ್ನಿನ ಕೀ ವರ್ಕರ್‌ಗಳು ನೌಕರರು, ವ್ಯತ್ಯಾಸ ಇದೆ. ಆದರೂ ಮೂಲ ವಿಷಯ ಒಂದೇ. ಈಗಾಗಲೇ ಒಂದಷ್ಟು ದೊಡ್ಡವರು ಬಿಟ್ಟುಹೋದ ಮಗುವಿಗೆ ಇನ್ನೊಬ್ಬರನ್ನು ಕೊಟ್ಟು, ಅವರನ್ನೂ ಕಿತ್ತುಕೊಂಡರೆ, ಏನೂ ಕೊಡದೇ ಇದ್ದದ್ದಕ್ಕಿಂತ ಕೆಟ್ಟದಾಗಬಹುದು.

ಹಾಗಿರುವಾಗ ಮೀಸಲು ಹಣ ಅಂದ್ರೆ ಏನು? ಆಡಿಟರ್ ಭಾಷೆಯಲ್ಲಿ ಅದೊಂದು ಅಂಕಿ. ಮೆಂಟರಿಂಗ್ ಸಂಸ್ಥೆಯಲ್ಲಿ ಅದು ಮಗುವಿಗೆ ಕೊಟ್ಟ ಮಾತು. ಇನ್ನೊಂದು ವರ್ಷ ಈ ಅಕ್ಕ, ಈ ಅಣ್ಣ ನಿನ್ನ ಜೊತೆ ಇರ್ತಾರೆ ಅನ್ನೋ ಮಾತು. ಯಾವಾಗಲೂ ಬರಿಗೈ ಅಂಚಿನಲ್ಲೇ ನಡೆಯೋ ಸಂಸ್ಥೆ, ಸಾವಿರಾರು ಮಕ್ಕಳಿಗೆ ತನ್ನ ಕೈಯಲ್ಲಿಲ್ಲದ ಮಾತನ್ನು ಕೊಟ್ಟ ಹಾಗೆ. ಹೊಸ ಮಕ್ಕಳು ಸದ್ಯಕ್ಕೆ ಬೇಡ, ಇರೋರನ್ನು ಮೊದಲು ಉಳಿಸಿಕೊಳ್ಳೋಣ ಅನ್ನೋ ತೀರ್ಮಾನವನ್ನು ಕಿಡ್ಸ್ ಕಂಪನಿಯ ಬೋರ್ಡು ಗಟ್ಟಿಯಾಗಿ ಮಾಡಲು ಹೊರಟಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಒಂದು ಸುದ್ದಿ, ಒಂದು ಆರೋಪ ತಡೆದುಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಸುಳ್ಳು ಆರೋಪ ಸಂಸ್ಥೆಯನ್ನು ಮುಗಿಸಿತು ಅನ್ನೋದು ನಿಜ. ಆದರೆ ಕೆಲವು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇದ್ದಿದ್ದರೆ ಸುಳ್ಳು ಆರೋಪ ಸುಳ್ಳು ಅಂತ ತಿಳಿಯೋವರೆಗೆ ಬಾಗಿಲು ತೆರೆದಿಡಬಹುದಿತ್ತೋ ಏನೋ.

ಯಾಕೆ ತಡವಾಯಿತು? ಯೆಂಟಬ್ 2003ರಿಂದ ಕೊನೇವರೆಗೂ ಅಧ್ಯಕ್ಷರಾಗಿದ್ದರು. ಹನ್ನೆರಡು ವರ್ಷ. ಬಿಬಿಸಿಯ ಬಹುದೊಡ್ಡ ಹೆಸರು, ಎಲ್ಲ ಬಾಗಿಲುಗಳನ್ನೂ ಬಲ್ಲವರು. ಆ ಪ್ರಭಾವದಿಂದ ಸಂಸ್ಥೆಗೆ ಲಾಭವಾಯಿತು. ಆದರೆ ಬಿಬಿಸಿಯದೇ ವರದಿಗಾರರು ಕಿಡ್ಸ್ ಕಂಪನಿಯ ಬೆನ್ನು ಹತ್ತಿದಾಗ ಇವರು ಎರಡೂ ಕಡೆ ಸಿಕ್ಕಿಹಾಕಿಕೊಂಡರು. ಸುದ್ದಿಯ ಮೇಲೆ ಪ್ರಭಾವ ಬೀರಲಿಲ್ಲ ಅಂತ ಬಿಬಿಸಿಯೇ ಹೇಳಿದರೂ ಆ ವರ್ಷದ ಕೊನೆಗೆ ಹುದ್ದೆ ಬಿಡಬೇಕಾಯಿತು. ಸ್ಥಾಪಕಿಯ ಮೇಲೆ ನಂಬಿಕೆ ಇಟ್ಟು ಬಂದವರು, ಸ್ನೇಹದಲ್ಲಿ ವರ್ಷಗಳು ಕಳೆದ ಮೇಲೆ, ಆಕೆಗೆ ಬೇಡ ಅನ್ನೋದು ದಿನದಿನಕ್ಕೂ ಕಷ್ಟ ಆಗುತ್ತೆ. ಇದಕ್ಕೆ ಕೆಟ್ಟತನ ಬೇಕಾಗಿಲ್ಲ, ಒಳ್ಳೆಯತನವೇ ಸಾಕು. ಇಂಗ್ಲೆಂಡಿನಲ್ಲಿ 2017ರಲ್ಲಿ ಬಂದ ಚಾರಿಟಿ ಆಡಳಿತ ಸಂಹಿತೆ, ಒಂಬತ್ತು ವರ್ಷ ದಾಟಿದ ಟ್ರಸ್ಟಿಯನ್ನು ಮುಂದುವರಿಸಬೇಕಾದರೆ ಕಟ್ಟುನಿಟ್ಟಾಗಿ ಪರಿಶೀಲಿಸಿ ಅಂತ ಹೇಳಿತು. ಪ್ರೀತಿಗೂ ಒಂದು ಅವಧಿ ಗೊತ್ತು ಮಾಡಿದ ಹಾಗೆ ಕಾಣುತ್ತೆ, ಆದರೆ ಅಗತ್ಯದ ಮಾತು.

ಕಮಿಲಾ 2024ರ ಜನವರಿ 1ರಂದು ತೀರಿಕೊಂಡರು. ಯೆಂಟಬ್ ಮರುವರ್ಷ ಮೇ ತಿಂಗಳಲ್ಲಿ. ಅವರಿಬ್ಬರ ಮೇಲೆ ಇನ್ನಷ್ಟು ಕಲ್ಲು ಹೊರಿಸೋಕೆ ಇದನ್ನು ಬರೀತಿಲ್ಲ. ಅವರು ಕೈಹಿಡಿದ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ದೊಡ್ಡವರು, ಅವರಿಗೆ ಆ ಕೈಯ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಬರೀತಿರೋದು ನಮಗೋಸ್ಕರ. ನಿಮಗೂ ಒಂದಲ್ಲ ಒಂದು ದಿನ ಯಾರೋ ಗೆಳೆಯರು ಫೋನ್ ಮಾಡ್ತಾರೆ. 'ಮಕ್ಕಳಿಗೆ ಒಂದು ಟ್ರಸ್ಟ್ ಮಾಡಿದೀವಿ, ನಿಮ್ಮ ಹೆಸರಿರ್ಲಿ ಸಾರ್, ಕೆಲಸ ಏನೂ ಇರಲ್ಲ' ಅಂತಾರೆ. ಒಪ್ಪಿಕೊಳ್ಳಿ, ಒಳ್ಳೇ ಕೆಲಸ. ಆದರೆ ಮೊದಲ ಮೀಟಿಂಗಿನಲ್ಲೇ, ಕಾಫಿ ಬರೋಕೆ ಮುಂಚೆ, ಮೂರು ಪ್ರಶ್ನೆ ಕೇಳಿ. ನಾಳೆಯಿಂದ ಒಂದು ರೂಪಾಯಿ ಬರದೇ ಇದ್ದರೆ ಈಗಿರೋ ಮಕ್ಕಳ ಜೊತೆ ಎಷ್ಟು ತಿಂಗಳು ಇರ್ತೀವಿ? ಶುರು ಮಾಡಿದವರು ಆರು ತಿಂಗಳು ಹಾಸಿಗೆ ಹಿಡಿದರೆ ಯಾರು ನೋಡ್ಕೋತಾರೆ? ಈ ಮೇಜಿನ ಮೇಲೆ ಕೊನೇ ಸಲ 'ಬೇಡ' ಅಂದವರು ಯಾರು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿದೀರಾ?

ಮೂರನೇ ಪ್ರಶ್ನೆಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಬೇಡ ಅನ್ನುವ ಕೆಲಸ ನಿಮ್ಮ ಪಾಲಿಗೆ ಬಂತು ಅಂತ ತಿಳ್ಕೊಳ್ಳಿ. ಅದೇ ಅವರು ಹೇಳಿದ, ಏನೂ ಇಲ್ಲದ ಕೆಲಸ.