ಕೊಂಚವೇ ಕುಗ್ಗುವ ಕಡಲು

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. ಶಾಂತಸಾಗರದ ಮರಿಯಾನಾ ಕಂದಕದ ತಳ ಸುಮಾರು 10,900 ಮೀಟರ್ ಆಳ. ಅಲ್ಲಿನ ಒತ್ತಡ ಮೇಲ್ಮೈಗಿಂತ ಸಾವಿರ ಪಟ್ಟಿಗೂ ಮಿಗಿಲು. ಸಂಶೋಧನಾ ಹಡಗಿನವರು ಥರ್ಮೋಕೋಲ್ ಲೋಟವನ್ನು ಆಳಕ್ಕಿಳಿಸಿದರೆ, ಒಳಗಿನ ಗಾಳಿ ಹಿಂಡಿಹೋಗಿ ಅದು ಪುಟಾಣಿಯಾಗಿ, ಗಟ್ಟಿಯಾಗಿ ಮೇಲೆ ಬರುತ್ತದೆ. ನೀರು ಹಾಗಲ್ಲ. ಕಂದಕದ ತಳದಲ್ಲೂ ಅದು ಕುಗ್ಗುವುದು ಶೇಕಡ 5ರ ಆಸುಪಾಸು ಮಾತ್ರ. ಎಂಥ ಗಟ್ಟಿತನ!

ನೀರು ಕುಗ್ಗುವುದೇ ಇಲ್ಲವೆಂಬ ನಂಬಿಕೆಯನ್ನು 1762ರಲ್ಲಿ ಇಂಗ್ಲೆಂಡಿನ ಜಾನ್ ಕ್ಯಾಂಟನ್ ಪ್ರಯೋಗದಿಂದಲೇ ಅಲ್ಲಗಳೆದರು. ಈ ಅಲ್ಪ ಕುಗ್ಗುವಿಕೆಯ ಉಪಕಾರ ದೊಡ್ಡದು. ಅದಿಲ್ಲದಿದ್ದರೆ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 30 ಮೀಟರ್ ಮೇಲಿರುತ್ತಿತ್ತು. ಜಗತ್ತಿನ ಬಹುಪಾಲು ಬಂದರು ಪಟ್ಟಣಗಳಿಗೆ ನೆಲವೇ ಇರುತ್ತಿರಲಿಲ್ಲ.