ಪೇಟೆಂಟ್ ಅಮೆರಿಕದ್ದು, ಪರದಾಟ ಕರೂರಿನದು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗರನ್ನು ಕೇಳಿದರೆ ಉತ್ತರ ಸಿದ್ಧವಿರುತ್ತದೆ: 'ಸಾಫ್ಟ್‌ವೇರ್ ಪೇಟೆಂಟ್ ಅಮೆರಿಕದವರ ತಲೆನೋವು ಸಾರ್, ನಮ್ಮಲ್ಲಿ ಅದು ಇಲ್ವೇ ಇಲ್ಲ.' ಮಾತಿಗೆ ಆಧಾರವಿದೆ. ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ, ಅಲ್ಗಾರಿದಮ್ಮಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು. ಆದರೆ ಆ ಕಲಮು ನಮ್ಮನ್ನು ಕಾಯುತ್ತದೆ ಎಂದುಕೊಂಡರೆ ಅದು ಭ್ರಮೆ.

ಐಫೋನಿನಲ್ಲಿ ತೆಗೆದ ಬಿಡಿಭಾಗದ ಫೋಟೊವನ್ನು ಡ್ರೈವ್‌ಗೆ ಹಾಕಿ, ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ಹೆಸರಿನ ಬಾಲದಲ್ಲಿ 'ಎಚ್‌ಇಐಸಿ' ಎಂದಿರುತ್ತದೆ. ತೆರೆಯಹೋದರೆ ಹಲವು ಕಂಪ್ಯೂಟರುಗಳು ಎಚ್‌ಇವಿಸಿ ಎಕ್ಸ್‌ಟೆನ್ಷನ್ ಕೊಳ್ಳಿ ಎನ್ನುತ್ತವೆ. ಅಮೆರಿಕದಲ್ಲಿ ಅದಕ್ಕೆ 99 ಸೆಂಟ್. ಚಿತ್ರವನ್ನು ಕುಗ್ಗಿಸಿರುವ ಎಚ್‌ಇವಿಸಿ ತಂತ್ರದ ಮೇಲೆ ಹತ್ತಾರು ಕಂಪನಿಗಳ ಪೇಟೆಂಟ್ ಇದೆ, ಶುಲ್ಕ ವಸೂಲಿಗೆ ಒಂದಕ್ಕಿಂತ ಹೆಚ್ಚು ಕೂಟಗಳಿವೆ. ಬ್ರೌಸರುಗಳ ಪೈಕಿ ಸಫಾರಿ 2023ರಲ್ಲಿ ಈ ಬಗೆಯ ಚಿತ್ರ ತೋರಿಸತೊಡಗಿತು. ಕ್ರೋಮ್, ಫೈರ್‌ಫಾಕ್ಸ್ ಆ ಗೋಜಿಗೇ ಹೋಗಲಿಲ್ಲ. ದಾವಣಗೆರೆಗೆಂದು ಯಾರೂ ಬೇರೆ ಬ್ರೌಸರ್ ಕಟ್ಟಿಕೊಡುವುದಿಲ್ಲವಲ್ಲ!

ಇದು ಹೊಸ ಕತೆಯೂ ಅಲ್ಲ. ಗಿಫ್ ಚಿತ್ರವನ್ನು ಕುಗ್ಗಿಸುವ ಎಲ್‌ಜೆಡ್‌ಡಬ್ಲ್ಯು ತಂತ್ರಕ್ಕೆ ಯುನಿಸಿಸ್ ಕಂಪನಿ 1994ರ ಕೊನೆಯಲ್ಲಿ ಲೈಸೆನ್ಸ್ ಹಣ ಕೇಳಿತು. ಜಗತ್ತೆಲ್ಲ ಬಳಸುತ್ತಿದ್ದ ಜಿಡಿ ಎಂಬ ಉಚಿತ ಲೈಬ್ರರಿ 1999ರಲ್ಲಿ ಗಿಫ್ ಬರೆಯುವ ಸೌಲಭ್ಯವನ್ನೇ ಕಿತ್ತುಹಾಕಿತು. ಪೇಟೆಂಟ್ ಅವಧಿ ಮುಗಿದ ಮೇಲೆ, 2004ರಲ್ಲಿ ಮರಳಿ ಸೇರಿಸಿತು. ನಡುವಿನ ಐದು ವರ್ಷ ಆ ಲೈಬ್ರರಿಯ ಹೊಸ ಆವೃತ್ತಿ ಹಾಕಿಕೊಂಡ ಭಾರತದ ಪ್ರೋಗ್ರಾಮರಿಗೂ ಗಿಫ್ ಇರಲಿಲ್ಲ. 3(ಕೆ) ಏನು ಮಾಡೀತು? ಯುನಿಸಿಸ್ ಇಲ್ಲಿಯ ಕೋರ್ಟಿನ ಮೆಟ್ಟಿಲು ಹತ್ತಬೇಕಾದ ಪ್ರಮೇಯವೇ ಬರಲಿಲ್ಲ.

ಹತ್ತಿದವರೂ ಇದ್ದಾರೆ. 2024ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಫೋನ್ ತಯಾರಿಸುವ ಲಾವಾ ಕಂಪನಿ ಪೇಟೆಂಟ್ ಉಲ್ಲಂಘನೆಗಾಗಿ ಎರಿಕ್ಸನ್‌ಗೆ ₹244 ಕೋಟಿ ಕೊಡಬೇಕೆಂದು ತೀರ್ಪಿತ್ತಿತು. ಅಲ್ಲಿದ್ದದ್ದು ಚಿತ್ರವಲ್ಲ, ಫೋನಿನಲ್ಲಿ ದನಿಯನ್ನು ಕುಗ್ಗಿಸುವಂಥ ತಂತ್ರಗಳು. ಇವು ಬರಿಯ ಅಲ್ಗಾರಿದಮ್ ಎಂದು ಲಾವಾ ವಾದಿಸಿತು, ಕೋರ್ಟು ಒಪ್ಪಲಿಲ್ಲ.

ಹಾಗೆಂದು ಪೇಟೆಂಟೊಂದೇ ವಿಲನ್ ಅಲ್ಲ. ಜೆಪೆಗ್ ಎಕ್ಸ್‌ಎಲ್ ಎಂಬ ಚಿತ್ರದ ಫಾರ್ಮ್ಯಾಟಿಗೆ ರಾಯಲ್ಟಿ ಇಲ್ಲ, ಗುಣವೂ ಇದೆ. ಆದರೂ ಕ್ರೋಮ್ 2022ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿತು. ಅದಕ್ಕೆ ಗೂಗಲ್ ಕೊಟ್ಟ ಕಾರಣಗಳು ನನಗಂತೂ ಒಪ್ಪಿಗೆಯಾಗಿಲ್ಲ.

'ಜೆಪಿಜಿ ಮಾತ್ರ' ಎನ್ನುವ ಸರ್ಕಾರಿ ಅರ್ಜಿಗಳನ್ನು ನೋಡಿ ನಗುವವರಿದ್ದಾರೆ. ಆದರೆ 1992ರ ಆ ಹಳೆಯ ಜೆಪೆಗ್ಗನ್ನು ಇಂದು ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದು. ಸಾರ್ವಜನಿಕ ಕೆಲಸಕ್ಕೆ ಬೇಕಾದ ಗುಣ ಅದೇ. ವೆಬ್‌ಸೈಟಿನ ಕ್ಯಾಟಲಾಗಿಗೆ ವೆಬ್‌ಪಿ ಚಿತ್ರ ಹಾಕಿ, ಅಡ್ಡಿಯಿಲ್ಲ. ಈಗಿನ ಬ್ರೌಸರುಗಳೆಲ್ಲ ತೋರಿಸುತ್ತವೆ. ಕೊಟೇಶನ್ನಿಗೆ, ಅರ್ಜಿಗೆ ಮಾತ್ರ ಜೆಪಿಜಿಯನ್ನೇ ಕಳಿಸಿ. ಐಫೋನ್ ಇದ್ದವರು ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ, ಕ್ಯಾಮೆರಾದ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಒತ್ತಿಬಿಡಿ.