ಗಾಯ ಕಟ್ಟುವ ಕೈ

ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿಯ ಸಣ್ಣ ಕ್ಲಿನಿಕ್ಕುಗಳಲ್ಲಿ ಹೊಲಿಗೆ ಚೆನ್ನಾಗಿ ಬೀಳುತ್ತದೆ. ಗಾಯ ತೊಳೆಯುವುದು ಮಾತ್ರ ಅರೆಬರೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಇದರ ಸುತ್ತಲೇ ಇದೆ. ಹೊಲಿಗೆ ಡಾಕ್ಟರ ಕೈಯದು. ಅದರ ಹಿಂದೆ ವರ್ಷಗಟ್ಟಲೆ ಓದು, ಪರೀಕ್ಷೆ, ಪದವಿ ಇದೆ. ಗಾಯ ತೊಳೆಯುವುದು, ಸಾಮಾನು ಶುದ್ಧಮಾಡಿ ಇಡುವುದು, ಪಟ್ಟಿ ಕಟ್ಟುವುದು, ಎರಡು ದಿನ ಬಿಟ್ಟು ಬಿಚ್ಚಿ ನೋಡುವುದು ಸಹಾಯಕಿಯ ಕೈಯದು. ಆ ಕೈಗೆ ಯಾರೂ ಕೂರಿಸಿ ಪಾಠ ಹೇಳಿರುವುದಿಲ್ಲ. ಗಾಯ ಮಾಯುವುದೋ ಕೀವಾಗುವುದೋ ಬಹುಪಾಲು ತೀರ್ಮಾನವಾಗುವುದು ಅಲ್ಲಿಯೇ.

ಈ ಊರುಗಳಲ್ಲಿ ಸಣ್ಣ ಶಸ್ತ್ರಕ್ರಿಯೆಯ ಮೈನರ್ ಓಟಿ ಎಂದರೆ ಹಸಿರು ಪರದೆಯ ಹಿಂದಿನ ಒಂದು ಮೇಜು, ಬೇಕಾದ ಕಡೆ ಬಾಗಿಸುವ ದೀಪ, ಗಾಜ್ ಬಟ್ಟೆ ತುಂಬಿದ ಸ್ಟೀಲ್ ಡ್ರಮ್ಮು, ಕಿಡ್ನಿ ಟ್ರೇ. ಬೆನ್ನ ಮೇಲಿನ ಕುರು, ಉಗುರುಸುತ್ತು, ಕಾಲಿನ ಆಣಿ, ಓಲೆಯ ಭಾರಕ್ಕೆ ಹರಿದ ಕಿವಿ, ಚರ್ಮದಡಿಯ ಕೊಬ್ಬಿನ ಗಂಟು ಎಲ್ಲ ಊರಿನಲ್ಲೂ ಇರುವಂಥವು. ಅವುಗಳ ಜೊತೆ ಈ ನೆಲದವೇ ಆದ ಗಾಯಗಳೂ ಬರುತ್ತವೆ: ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ತಗಡು ಕೊಯ್ದ ಅಂಗೈ, ಉಡುಪಿ ಹೋಟೆಲಿನ ದೋಸೆ ಕಾವಲಿಗೆ ತಾಗಿದ ಮೊಣಕೈ, ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಜಜ್ಜಿದ ಬೆರಳು, ಖಾರ್ಘರ್ ಕಡೆಯ ಕಟ್ಟಡ ಕೆಲಸದಲ್ಲಿ ಮೊಳೆ ಹೊಕ್ಕ ಪಾದ. ಇಷ್ಟಕ್ಕೆಲ್ಲ ಕಳ್ವಾದ ಶಿವಾಜಿ ಆಸ್ಪತ್ರೆಗೋ ವಾಶಿಯ ಪಾಲಿಕೆ ಆಸ್ಪತ್ರೆಗೋ ಹೋಗಿ, ಕೇಸ್ ಪೇಪರ್ ಮಾಡಿಸಿ, ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಬೀದಿಯ ಕ್ಲಿನಿಕ್ಕು ಕೆಲಸ ಬಿಟ್ಟು ಮನೆಗೆ ಮರಳುವ ಹೊತ್ತಿಗೂ ತೆರೆದಿರುತ್ತದೆ. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ: ಮೊದಲ ದಿನ ಗಾಯ ನೋಡಿದ ಕಣ್ಣುಗಳೇ ಮೂರನೆಯ ದಿನವೂ ಹತ್ತನೆಯ ದಿನವೂ ಅದನ್ನು ನೋಡುತ್ತವೆ. ದೊಡ್ಡ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಈ ಭಾಗ್ಯ ಸಿಗುವುದು ಕಷ್ಟ.

ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದನ್ನು ಡೊಂಬಿವಲಿ ಪೂರ್ವದ ಒಂದು ಕ್ಲಿನಿಕ್ಕಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಕಲಬುರಗಿ ಕಡೆಯ ಹುಡುಗ, ಟೈಲ್ಸ್ ಕೂರಿಸುವವನು, ಅಂಗೈ ಕೊಯ್ದುಕೊಂಡು ಬಂದಿದ್ದ. ಸಹಾಯಕಿ ಕುಂದಾಪುರದ ಕಡೆಯವರು. ರಕ್ತ ಕಂಡ ಕೂಡಲೇ ಅವರು ಹತ್ತಿಗೆ ಕೈ ಹಾಕಲಿಲ್ಲ. ಗಾಯಕ್ಕೆ ಮಡಿಸಿದ ಗಾಜ್ ಒತ್ತಿ ಹಿಡಿದು, ಅವನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿಸಿದರು. ರಕ್ತ ನಿಂತ ಮೇಲೆ, ಮರಗಟ್ಟಿಸುವ ಸೂಜಿ ಕೊಡುವ ಮೊದಲೇ, ಒಂದೊಂದೇ ಬೆರಳು ಮಡಿಸಲು ಹೇಳಿದರು. ಬೆರಳ ತುದಿಗಳನ್ನು ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿ ಡಾಕ್ಟರಿಗೆ ತಿಳಿಸಿದರು. ಸೂಜಿ ಕೊಟ್ಟ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ. ಕತ್ತರಿಸಿದ ನರವೂ ಸ್ನಾಯುರಜ್ಜುವೂ ಹೊಲಿಗೆಯಡಿ ಮುಚ್ಚಿಹೋಗುತ್ತವೆ. ಆಮೇಲೆ 20 ಎಂಎಲ್ ಸಿರಿಂಜಿಗೆ 18 ನಂಬರಿನ ಸೂಜಿ ಸಿಕ್ಕಿಸಿ, ಸಲೈನ್ ಎಳೆದುಕೊಂಡು ಗಾಯದೊಳಕ್ಕೆ ಜೋರಾಗಿ ಬಿಟ್ಟರು. ಮತ್ತೆ ಎಳೆದರು, ಮತ್ತೆ ಬಿಟ್ಟರು. ಹುಡುಗನಿಗೆ ತಾಳ್ಮೆ ಮುಗಿಯಿತು.

"ಅಕ್ಕಾರ, ಹೊಲಿಗಿ ಹಾಕೂದು ಬಿಟ್ಟು ಬರೇ ನೀರs ಬಿಡಾಕತ್ತೀರಲ್ರಿ."

"ಒಳಗೆ ಸಿಮೆಂಟ್ ಉಂಟು ತಮ್ಮ. ಅದು ಹೊರಗೆ ಬರದೆ ಬಾಯಿ ಮುಚ್ಚಿದ್ರೆ ಕೀವಾಗ್ತದೆ. ಸ್ವಲ್ಪ ತಡ್ಕೊ."

ಕಿಡ್ನಿ ಟ್ರೇಯ ತಳದಲ್ಲಿ ಬೂದು ಬಣ್ಣದ ಕೆಸರು ನಿಂತಿತ್ತು. ಗಾಯದ ಉದ್ದದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಎಂಎಲ್ ದ್ರವ ಹರಿಯಬೇಕು ಎಂಬುದು ವೈದ್ಯರು ಬಳಸುವ ಅಂದಾಜು. ನಾಲ್ಕು ಸೆಂಟಿಮೀಟರ್ ಗಾಯಕ್ಕೆ ಕಡಿಮೆಯೆಂದರೆ ಸಿರಿಂಜು ಹತ್ತು ಸಲ ತುಂಬಬೇಕು. ಸಲೈನ್ ಇಲ್ಲದಿದ್ದರೆ ಕುಡಿಯಲು ಯೋಗ್ಯವಾದ ನಲ್ಲಿ ನೀರೂ ಆದೀತು, ಅದರಿಂದ ಸೋಂಕು ಹೆಚ್ಚುವುದಿಲ್ಲವೆಂದು ಹೋಲಿಕೆಯ ಅಧ್ಯಯನಗಳು ತೋರಿಸಿವೆ. ಖರ್ಚಿಲ್ಲದ ಕೆಲಸ, ಬೇಕಾದದ್ದು ಸಮಯ ಮಾತ್ರ. ಹೊರಗೆ ಇಪ್ಪತ್ತು ಜನ ಕಾದಿರುವಾಗ ಕಡಿತವಾಗುವುದು ಈ ಸಮಯವೇ. ಬೀಟಾಡಿನ್ ಅದ್ದಿದ ಹತ್ತಿಯಿಂದ ಎರಡು ಸಲ ಒರೆಸಿ ಹೊಲಿದುಬಿಡುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಒರೆಸಿದಾಗ ಕೊಳೆ ಹೊರಗೆ ಬರುವುದಿಲ್ಲ, ಮೂಲೆಗೆ ಸರಿಯುತ್ತದೆ. ಜೊತೆಗೆ ಹತ್ತಿಯ ಎಳೆಯೂ ಒಳಗೆ ಉಳಿಯುತ್ತದೆ.

ಗಾಜಿನ ಗಾಯದಲ್ಲಿ ಈ ಅವಸರ ಇನ್ನೂ ದುಬಾರಿ. 2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯ ಪ್ರೊಬೇಸ್ ಕಾರ್ಖಾನೆಯಲ್ಲಿ, 2024ರ ಮೇ 23ರಂದು ಎರಡನೇ ಹಂತದ ಅಮುದಾನ್ ಕೆಮಿಕಲ್ಸ್‌ನಲ್ಲಿ ಆದ ಸ್ಫೋಟಗಳಿಗೆ ದೂರದ ಕಟ್ಟಡಗಳ ಕಿಟಕಿಗಳೂ ಪುಡಿಯಾದವು. ಕಾರ್ಖಾನೆಯ ಮುಖವನ್ನೇ ನೋಡದವರಿಗೂ ಮನೆಯೊಳಗೆ, ಅಂಗಡಿಯೊಳಗೆ ಗಾಜು ಚುಚ್ಚಿತು. ಗಾಜಿನ ಚೂರು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬ ನಂಬಿಕೆ ಕ್ಲಿನಿಕ್ಕುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸರಿಯಲ್ಲ. ಎರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಬಹುತೇಕ ಕಾಣುತ್ತವೆ. ಕಾಣದೇ ಹೋಗುವುದು ಮರದ ಚಕ್ಕೆ, ಮುಳ್ಳು. ರಾಸಾಯನಿಕ ಕಾರ್ಖಾನೆಗಳ ಮಗ್ಗುಲಲ್ಲೇ ಬದುಕುವ ಊರಿನಲ್ಲಿ, ಗಾಜು ಕೊಯ್ದ ಗಾಯಕ್ಕೆ ಮೊದಲು ಎಕ್ಸ್‌ರೇ, ಆಮೇಲೆ ಹೊಲಿಗೆ ಎಂಬುದು ರೂಢಿಯಾಗಬೇಕಿತ್ತು. ಆಗಿಲ್ಲ.

ಗಾಯದ ಮೇಲೆ ಏನು ಹಾಕುತ್ತಾರೆ ಎಂಬುದೂ ಹಳೆಯ ಜಾಡಿನಲ್ಲೇ ಇದೆ. ಹೈಡ್ರೋಜನ್ ಪೆರಾಕ್ಸೈಡ್ ಹೊಯ್ದಾಗ ಏಳುವ ನೊರೆ ನೋಡಿ ಕೊಳೆಯೆಲ್ಲ ಹೋಯಿತೆಂದು ರೋಗಿಯೂ ನಂಬುತ್ತಾನೆ, ಸಹಾಯಕಿಯೂ ನಂಬುತ್ತಾಳೆ. ಆ ನೊರೆ ಹೊಸದಾಗಿ ಚಿಗುರುವ ಜೀವಕೋಶವನ್ನೂ ಸುಡುತ್ತದೆ. ಅದರ ಮೇಲೆ ಆಂಟಿಬಯಾಟಿಕ್ ಪುಡಿ ಉದುರಿಸಿ ಒಣ ಗಾಜ್ ಕಟ್ಟಿದರೆ ಪುಡಿಯೂ ರಸಿಕೆಯೂ ಸೇರಿ ಹೆಕ್ಕಳೆಯಾಗುತ್ತದೆ. ಮರುದಿನ ಗಾಜ್ ಕಿತ್ತಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಇಂಗ್ಲೆಂಡಿನ ಜಾರ್ಜ್ ವಿಂಟರ್ 1962ರಲ್ಲೇ ಹಂದಿಯ ಚರ್ಮದ ಮೇಲೆ ಪ್ರಯೋಗ ಮಾಡಿ, ತೇವವಿಟ್ಟು ಮುಚ್ಚಿದ ಗಾಯಕ್ಕೆ ಒಣಗಲು ಬಿಟ್ಟ ಗಾಯದ ಸುಮಾರು ಎರಡರಷ್ಟು ಬೇಗ ಹೊಸ ಚರ್ಮ ಬರುತ್ತದೆ ಎಂದು ತೋರಿಸಿದ್ದರು. ಅರವತ್ತು ವರ್ಷ ದಾಟಿತು. 'ಗಾಳಿಗೆ ಬಿಡಿ, ಒಣಗಲಿ' ಎಂಬ ಸಲಹೆ ನಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿ ಇನ್ನೂ ಕೇಳುತ್ತದೆ. ದುಬಾರಿ ಫೋಮ್, ಜೆಲ್ ಡ್ರೆಸ್ಸಿಂಗ್ ಕೂಲಿಕಾರನಿಗೆ ಎಟುಕುವುದಿಲ್ಲ, ನಿಜ. ಪ್ಯಾರಾಫಿನ್ ಸವರಿದ ಜಾಲರಿ ಬಟ್ಟೆ ಎಟುಕುತ್ತದೆ. ಅದೂ ಇಲ್ಲದಿದ್ದರೆ, ಅಂಟಿದ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ಚೆನ್ನಾಗಿ ನೆನೆಸಿ ನಿಧಾನಕ್ಕೆ ಬಿಡಿಸುವುದಕ್ಕೆ ಹಣ ಬೇಡ.

ಮರಗಟ್ಟಿಸುವ ಔಷಧದ ಸೀಸೆಯನ್ನು ಟ್ರೇಗೆ ಇಡುವವಳು ಸಹಾಯಕಿ. ಅಡ್ರಿನಲಿನ್ ಬೆರೆತ ಲಿಗ್ನೋಕೇಯ್ನ್, ಬೆರೆಯದ್ದು ಎರಡೂ ಅಕ್ಕಪಕ್ಕ ಇರುತ್ತವೆ. ಬೆರೆಯದ ಲಿಗ್ನೋಕೇಯ್ನ್‌ಗೆ ಮಿತಿ ದೇಹತೂಕದ ಕಿಲೋಗೆ 4.5 ಮಿಲಿಗ್ರಾಂ. 2 ಪರ್ಸೆಂಟ್ ದ್ರಾವಣದ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ ಇರುವುದರಿಂದ 50 ಕಿಲೋದವನಿಗೆ 11 ಎಂಎಲ್ ದಾಟುವಂತಿಲ್ಲ. ಸೀಸೆಯ ಹೆಸರು, ಪ್ರಮಾಣ, ಅವಧಿ ಮೂರನ್ನೂ ಸಹಾಯಕಿ ಗಟ್ಟಿಯಾಗಿ ಓದಿ ಹೇಳುವುದು, ಡಾಕ್ಟರು ಹೂಂ ಎನ್ನುವುದು ರೂಢಿಯಾದರೆ ಸಾಕು, ಎಷ್ಟೋ ಅಪಾಯ ಅಲ್ಲೇ ತಪ್ಪುತ್ತದೆ. ಇದಕ್ಕೆ ಅಡ್ಡಬರುವುದು ಸಂಕೋಚ. ಡಾಕ್ಟರ ಮುಂದೆ ತಾನು ಬಾಯಿಬಿಡಬಾರದು ಎಂದೇ ಆಕೆ ಕಲಿತಿರುತ್ತಾಳೆ.

ಸಾಮಾನುಗಳ ಶುದ್ಧಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬೇರೆ. 121 ಡಿಗ್ರಿಯಲ್ಲಿ ನಡೆಸುವ ಪುಟ್ಟ ಆಟೋಕ್ಲೇವ್ ಹಲವರ ಬಳಿ ಇದೆ. ಆದರೂ ಸಾಲಾಗಿ ಎರಡು ಕುರು ಒಡೆಯಬೇಕಾದಾಗ ಮೊದಲಿನವನ ಕತ್ತರಿ, ಫೋರ್ಸೆಪ್ಸ್ ಗ್ಲುಟರಾಲ್ಡಿಹೈಡ್ ಡಬ್ಬಿಗೆ ಬಿದ್ದು ಇಪ್ಪತ್ತು ನಿಮಿಷಕ್ಕೆ ಎರಡನೆಯವನಿಗಾಗಿ ಮೇಲೆ ಬರುತ್ತವೆ. ಅಷ್ಟು ಹೊತ್ತಿನಲ್ಲಿ ಬಹುತೇಕ ರೋಗಾಣು ಸಾಯುತ್ತದೆ. ಟೆಟನಸ್‌ನಂಥವುಗಳ ಬೀಜಕಣ ಸಾಯಲು ಹತ್ತು ಗಂಟೆ ಮುಳುಗಿರಬೇಕು. ಇನ್ನೆರಡು ಸೆಟ್ ಸಾಮಾನು ಕೊಂಡರೆ ತೀರುವ ತೊಂದರೆ ಇದು. ಕಸದ ವಿಷಯದಲ್ಲಿ ಮಾತ್ರ ನಿಜವಾಗಿ ಸುಧಾರಣೆ ಕಂಡಿದ್ದೇನೆ. ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಬಂದ ಮೇಲೆ ಹಳದಿ, ಕೆಂಪು ಚೀಲಗಳೂ ಸೂಜಿ ಹಾಕುವ ಬಿಳಿ ಡಬ್ಬಿಯೂ ಸಣ್ಣ ಕೋಣೆಗಳಲ್ಲೂ ಕಾಣುತ್ತಿವೆ.

ಟಿಟಿ ಇಂಜೆಕ್ಷನ್ನಿನ ಮೇಲೆ ನಮ್ಮವರಿಗಿರುವ ಭಕ್ತಿಯನ್ನೂ ಪ್ರಶ್ನಿಸಬೇಕು. ತರಚಿದರೆ ಟಿಟಿ, ಮುಳ್ಳು ಚುಚ್ಚಿದರೆ ಟಿಟಿ. ಮೊದಲ ಮೂರು ಡೋಸು ಸರಿಯಾಗಿ ಆದವರಿಗೆ ಚೊಕ್ಕ ಗಾಯವಾದರೆ ಹತ್ತು ವರ್ಷ, ಕೊಳಕು ಗಾಯವಾದರೆ ಐದು ವರ್ಷ ಮತ್ತೆ ಬೇಕಾಗುವುದಿಲ್ಲ. ಚಿಕ್ಕಂದಿನಲ್ಲಿ ಲಸಿಕೆಯೇ ಕಾಣದ ಕೂಲಿಕಾರನಿಗಾದರೋ ಈ ಒಂದು ಸೂಜಿಯಿಂದ ರಕ್ಷಣೆ ಸಿಗುವುದಿಲ್ಲ. ಕೊಳಕು ಗಾಯವಾದರೆ ಅವನಿಗೆ ಇಮ್ಯುನೊಗ್ಲಾಬ್ಯುಲಿನ್ ಬೇಕು, ಉಳಿದ ಡೋಸುಗಳಿಗೆ ಮತ್ತೆ ಕರೆಸಬೇಕು. ಬೇಡದವರಿಗೆ ಪದೇಪದೇ ಕೊಟ್ಟು, ಬೇಕಾದವನನ್ನು ಒಂದಕ್ಕೇ ಕಳಿಸಿಬಿಡುತ್ತೇವೆ. ಕೇಳಿ ಬರೆದುಕೊಳ್ಳುವ ಒಂದು ಸಾಲು ಕೇಸ್ ಪೇಪರಿನಲ್ಲಿದ್ದರೆ ಈ ಅನ್ಯಾಯ ತಪ್ಪುತ್ತದೆ.

ನಾಯಿ ಕಡಿತ ಅದಕ್ಕಿಂತ ಗಂಭೀರ. ಕಲ್ಯಾಣ್–ಡೊಂಬಿವಲಿಯ ಬೀದಿನಾಯಿಗಳ ಹಾವಳಿ ಅಲ್ಲಿ ರಾತ್ರಿ ಪಾಳಿ ಮುಗಿಸಿ ನಡೆದು ಹೋಗುವ ಎಲ್ಲರಿಗೂ ಗೊತ್ತು. ಕಡಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ರಕ್ತ ಬಂದಿದ್ದರೆ ರೇಬಿಸ್ ಲಸಿಕೆಯ ಜೊತೆಗೆ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್ ಗಾಯದ ಸುತ್ತ, ಒಳಗೆ ಇಳಿಯಬೇಕು. ಹೊಲಿಗೆ ಆದಷ್ಟೂ ಬೇಡ. ರೋಗಿ ಮೆಣಸಿನಪುಡಿಯನ್ನೋ ಸುಣ್ಣವನ್ನೋ ಮೆತ್ತಿಕೊಂಡು ಬಂದಿರುತ್ತಾನೆ. ಸಹಾಯಕಿ ಅದನ್ನು ಒರೆಸಿ, ಪಟ್ಟಿ ಕಟ್ಟಿ, ಲಸಿಕೆಯ ಚೀಟಿ ಕೊಡುತ್ತಾಳೆ. ಹದಿನೈದು ನಿಮಿಷದ ತೊಳೆತ ಎಲ್ಲೂ ಆಗಿರುವುದಿಲ್ಲ. ಜೀವ ಉಳಿಸುವ ಕೆಲಸದ ಮೊದಲ ಭಾಗವೇ ಅದು ಎಂದು ಅವಳಿಗೆ ಗೊತ್ತಿದ್ದರೆ ಅವನನ್ನು ತಾನೇ ನಲ್ಲಿಯ ಕೆಳಗೆ ನಿಲ್ಲಿಸುತ್ತಿದ್ದಳು. ಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆಗೋ ರುಕ್ಮಿಣಿಬಾಯಿ ಆಸ್ಪತ್ರೆಗೋ ಕಳಿಸುವುದು ಆಮೇಲಿನ ಮಾತು.

ನನ್ನನ್ನು ಹೆಚ್ಚು ಕಾಡುವುದು ಸಕ್ಕರೆ ಕಾಯಿಲೆಯವರ ಕಾಲು. ಅಂಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ಹುಣ್ಣು, ನೋವಿಲ್ಲ. ನೋವಿಲ್ಲದಿರುವುದೇ ರೋಗ. ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ನಡೆಯುತ್ತದೆ, ಅಚ್ಚುಕಟ್ಟಾಗಿಯೇ ನಡೆಯುತ್ತದೆ. ಪಟ್ಟಿ ಕಟ್ಟಿಸಿಕೊಂಡವರು ಅದೇ ಕಾಲು ಊರಿ ನಿಲ್ದಾಣದ ಮೆಟ್ಟಿಲು ಹತ್ತಿ, 8.12ರ ಲೋಕಲ್ಲಿನಲ್ಲಿ ನಿಂತು ಹೋಗುತ್ತಾರೆ. ಹುಣ್ಣಿನ ಮೇಲೆ ಬೀಳುವ ಭಾರ ಇಳಿಸದೆ ಯಾವ ಮುಲಾಮೂ ನಾಟುವುದಿಲ್ಲ. ಹುಣ್ಣಿನ ಜಾಗ ಬಿಟ್ಟು ಕತ್ತರಿಸಿದ ದಪ್ಪ ಫೆಲ್ಟ್, ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ, ಆಗುವುದಾದರೆ ಪ್ಲಾಸ್ಟರಿನ ಬೂಟು: ಇವುಗಳ ಮಾತು ಡ್ರೆಸ್ಸಿಂಗ್ ಮೇಜಿನ ಮೇಲೆ ಬರುವುದೇ ಇಲ್ಲ. ಹುಣ್ಣಿನ ಉದ್ದಗಲ ಅಳೆದು ಬರೆದಿಡುವುದೂ ಇಲ್ಲ. ಅಳೆದಿದ್ದರೆ ನಾಲ್ಕು ವಾರಕ್ಕೆ ಅರ್ಧದಷ್ಟಾದರೂ ಕುಗ್ಗದ ಹುಣ್ಣನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಗೊತ್ತಾಗುತ್ತಿತ್ತು. ಕಳಿಸುವುದು ಬೆರಳು ಕಪ್ಪಾದ ಮೇಲೆ. ಮೇಜಿನ ಮೇಲೆ ಒಂದು ಕಾಗದದ ಅಳತೆಪಟ್ಟಿ ಇಲ್ಲದ್ದಕ್ಕೆ ಕಾಲು ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಮಳೆಗಾಲದಲ್ಲಿ ಇದೇ ಕಾಲುಗಳು ಚರಂಡಿ ಬೆರೆತ ನೀರಿನಲ್ಲಿ ನಡೆಯುತ್ತವೆ. 2005ರ ಜುಲೈ 26ರ ಮಹಾಪೂರದ ನಂತರ ಮುಂಬಯಿಯಲ್ಲಿ ಲೆಪ್ಟೊಸ್ಪೈರೋಸಿಸ್ ಹಬ್ಬಿದ್ದನ್ನು ಯಾರೂ ಮರೆತಿರಲಾರರು. ಆ ರೋಗಾಣು ಚರ್ಮದ ಬಿರುಕಿನಿಂದ ಒಳಹೊಗುತ್ತದೆ. ಗಾಯವಿದ್ದವರಿಗೆ ಜೂನ್ ತಿಂಗಳಲ್ಲೇ ಇದನ್ನು ಹೇಳುವವರು ಬೇಕು.

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳೆನ್ನುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಆರೈಕೆಯ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಅಕ್ಕರೆ, ಶುಚಿತ್ವ ಇರಬೇಕೆಂದು ಎಣಿಸಿ ಹೇಳುತ್ತದೆ. ನಮ್ಮ ಕ್ಲಿನಿಕ್ಕಿನ ಸಹಾಯಕಿಯರಲ್ಲಿ ಕೈಚಳಕವೂ ಅಕ್ಕರೆಯೂ ಧಾರಾಳವಾಗಿವೆ. ಇಲ್ಲದ್ದು ತಿಳಿವಳಿಕೆ, ಅದು ಅವರ ತಪ್ಪಲ್ಲ. ನರ್ಸಿಂಗ್‌ನ ಎಎನ್ಎಂ ಕೋರ್ಸು ಎರಡು ವರ್ಷ, ಜಿಎನ್ಎಂ ಮೂರು ವರ್ಷ. ಅವನ್ನು ಓದಿದವರನ್ನು ದೊಡ್ಡ ಆಸ್ಪತ್ರೆಗಳು ಕರೆದುಕೊಳ್ಳುತ್ತವೆ. ರಸೀದಿ ಬರೆಯಲು, ಔಷಧ ಕಟ್ಟಲು ಬಂದ ಹೆಣ್ಣುಮಗಳು ನೋಡಿ ನೋಡಿ ಗಾಯದ ಮೇಜಿಗೆ ಬರುತ್ತಾಳೆ. 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯ ಕಣ್ಣು ರೋಗಿಗಳನ್ನು ಇರಿಸಿಕೊಳ್ಳುವ ಸಂಸ್ಥೆಗಳ ಮೇಲಿದೆ, ಹಾಸಿಗೆಯಿಲ್ಲದ ಈ ಕೋಣೆಗಳ ಮೇಲಲ್ಲ. ಆದ್ದರಿಂದ ಕಾನೂನು ಬಂದು ಕಲಿಸಲಿ ಎಂದು ಕಾಯುವುದರಲ್ಲಿ ಹುರುಳಿಲ್ಲ.

ಕಲಿಸಬಲ್ಲವರು ಊರಲ್ಲೇ ಇದ್ದಾರೆ. ನೆರೂಳದ ಡಿ.ವೈ. ಪಾಟೀಲ್, ಕಾಮೋಠೆಯ ಎಂಜಿಎಂ, ಕಳ್ವಾದ ರಾಜೀವ್ ಗಾಂಧಿ ಹೀಗೆ ಮೂರು ವೈದ್ಯಕೀಯ ಕಾಲೇಜುಗಳು ಒಂದು ಗಂಟೆಯ ದಾರಿಯಲ್ಲಿವೆ. ನಮ್ಮ ಕನ್ನಡ ಸಂಘಗಳು ಬಿಪಿ, ಶುಗರ್ ನೋಡುವ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಾ ಬಂದಿವೆ. ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ಮಂಜುನಾಥ ವಿದ್ಯಾಲಯದ ಕೋಣೆಗಳಿವೆ. ನಾಲ್ಕು ಭಾನುವಾರ, ಇಪ್ಪತ್ತು ಸಹಾಯಕಿಯರು, ಒಬ್ಬ ಸರ್ಜನ್, ಒಬ್ಬ ಹಿರಿಯ ಸಿಸ್ಟರ್. ಮೊದಲ ಭಾನುವಾರ ತೊಳೆಯುವುದು, ಎರಡನೆಯದು ಸಾಮಾನು ಮತ್ತು ಸೀಸೆ, ಮೂರನೆಯದು ನಾಯಿ ಕಡಿತ ಮತ್ತು ಸುಟ್ಟಗಾಯ, ನಾಲ್ಕನೆಯದು ಸಕ್ಕರೆ ಕಾಯಿಲೆಯ ಕಾಲು. ಮೂರನೆಯ ಭಾನುವಾರಕ್ಕೆ ಹೋಟೆಲಿನ ಹುಡುಗರನ್ನೂ ಕರೆಯಬೇಕು. ಸುಟ್ಟ ಕೈಗೆ ಟೂತ್‌ಪೇಸ್ಟ್, ಕಾಫಿಪುಡಿ ಮೆತ್ತದೆ ಇಪ್ಪತ್ತು ನಿಮಿಷ ತಣ್ಣೀರಿನ ನಲ್ಲಿಗೆ ಹಿಡಿಯಬೇಕೆಂದೂ, ಮೂರು ಗಂಟೆಯೊಳಗೆ ಹಿಡಿದರೂ ಉಪಯೋಗವಿದೆಯೆಂದೂ ಮೊದಲು ತಿಳಿಯಬೇಕಾದವರು ಅವರು. ಆ ದಿನ ಅವರ ಸಂಬಳ ಹಿಡಿಯದಂತೆ ಮಾಲೀಕರ ಜೊತೆ ಮಾತಾಡುವ ಹೊಣೆಯನ್ನು ಸಂಘದ ಹಿರಿಯರು ಹೊರಬೇಕು.